ವಾಕರ್ ಬೇಡ, ನೆಲ ಬಿಟ್ಟುಕೊಡಿ

"ಎಂಟು ತಿಂಗಳು ತುಂಬ್ತು, ಇನ್ನೂ ಅಂಬೆಗಾಲು ಇಡ್ತಿಲ್ಲ. ವಾಕರ್ ತಂದುಬಿಡೋಣ್ವಾ?"

ಪುಟ್ಟ ಮಗುವಿರುವ ಮನೆಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಪಕ್ಕದ ಮನೆಯ ಕೂಸು ಏಳು ತಿಂಗಳಿಗೇ ಹೊಸ್ತಿಲು ದಾಟಿತು ಅಂತ ಯಾರೋ ಹೇಳಿರುತ್ತಾರೆ. ಅಲ್ಲಿಂದ ತಾಯಿಯ ಎದೆಯಲ್ಲಿ ಪುಕಪುಕ ಶುರು. ನಾಮಕರಣಕ್ಕೆ ಬಂದವರು ಉಡುಗೊರೆ ಕೊಟ್ಟ ವಾಕರ್ ಎಷ್ಟೋ ಕಡೆ ಆಗಲೇ ಮಂಚದ ಕೆಳಗೆ ಬಂದು ಕೂತಿರುತ್ತದೆ.

ಎಂಟು ತಿಂಗಳಿಗೆ ಅಂಬೆಗಾಲು ಇಡದಿದ್ದರೆ, ಉಳಿದೆಲ್ಲ ಸರಿಯಿದ್ದಲ್ಲಿ, ಗಾಬರಿಪಡಬೇಕಾಗಿಲ್ಲ. ವಾಕರ್ ಮಾತ್ರ ಬೇಡವೇ ಬೇಡ.

ಮೊದಲು ಗಾಬರಿಯ ವಿಷಯ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಓಮನ್ ಮತ್ತು ಅಮೆರಿಕದ ಆರೋಗ್ಯವಂತ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿ, ಯಾವ ಮಗು ಯಾವಾಗ ಕೂತಿತು, ಯಾವಾಗ ನಿಂತಿತು, ಯಾವಾಗ ನಡೆಯಿತು ಎಂಬುದನ್ನು 2006ರಲ್ಲಿ ಪ್ರಕಟಿಸಿತು. ಆಸರೆಯಿಲ್ಲದೆ ಕೂರುವುದು 3.8 ತಿಂಗಳಿಂದ 9.2 ತಿಂಗಳ ನಡುವೆ ಯಾವಾಗ ಬೇಕಾದರೂ ಆಗಬಹುದು. ಅಂಬೆಗಾಲು 5.2ರಿಂದ 13.5 ತಿಂಗಳೊಳಗೆ. ಯಾರ ಕೈಯನ್ನೂ ಹಿಡಿಯದೆ ನಡೆಯುವುದು 8.2ರಿಂದ 17.6 ತಿಂಗಳೊಳಗೆ. ಅಂದರೆ ಒಂದು ಮಗು ಒಂಬತ್ತನೇ ತಿಂಗಳಿಗೆ ನಡೆದು, ಇನ್ನೊಂದು ಹದಿನೇಳಕ್ಕೆ ನಡೆದರೂ ಎರಡೂ ಸರಿಯೇ. ಆ ಅಧ್ಯಯನದ ನೂರು ಮಕ್ಕಳಲ್ಲಿ ನಾಲ್ವರು ಕೈ ಮಂಡಿ ಊರಿ ಅಂಬೆಗಾಲು ಇಡಲೇ ಇಲ್ಲ. ಕುಂಡಿಯ ಮೇಲೆ ಜಾರುತ್ತಲೋ ಹೊಟ್ಟೆಯ ಮೇಲೆ ತೆವಳುತ್ತಲೋ ಕೆಲವು ತಿಂಗಳು ಕಳೆದು, ಒಂದು ದಿನ ಎದ್ದು ಹೊರಟುಬಿಡುವ ಮಕ್ಕಳು ನಮ್ಮ ಸುತ್ತಲೂ ಇದ್ದಾರೆ.

ಇನ್ನು ವಾಕರ್. ಅದರಲ್ಲಿ ಕೂತ ಮಗುವನ್ನು ಒಮ್ಮೆ ಹತ್ತಿರದಿಂದ ನೋಡಿ. ಭಾರವೆಲ್ಲ ತೊಡೆಸಂದಿಯ ಪಟ್ಟಿಯ ಮೇಲೆ. ಕಾಲಿನ ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತದೆ, ಅದರಲ್ಲೇ ಒತ್ತಿ ಒತ್ತಿ ಮುಂದೆ ಸಾಗುತ್ತದೆ. ಎದುರಿಗಿರುವ ತಟ್ಟೆ ಅಡ್ಡ ಬಂದು ತನ್ನ ಪಾದವೇ ತನಗೆ ಕಾಣುವುದಿಲ್ಲ. ವಾಲಿದರೆ ಬೀಳುವುದಿಲ್ಲವಾದ್ದರಿಂದ ಸೊಂಟ, ಬೆನ್ನು, ಹೊಟ್ಟೆಯ ಸ್ನಾಯುಗಳಿಗೆ ಸಮತೋಲನದ ಕೆಲಸವೇ ಇಲ್ಲ. ನಡೆಯಲು ಏನೇನು ಬೇಕೋ ಅದನ್ನೆಲ್ಲ ಈ ಗಾಡಿ ತಾನೇ ಮಾಡಿಬಿಡುತ್ತದೆ. ಅದರ ಮೇಲೆ ಅಪಾಯ ಬೇರೆ: ಚಕ್ರವಿರುವ ಗಾಡಿಯಲ್ಲಿ ಮಗು ಕ್ಷಣಾರ್ಧದಲ್ಲಿ ಮೆಟ್ಟಿಲಿನ ಅಂಚಿಗೋ ಬಿಸಿ ಸಾರಿನ ಪಾತ್ರೆಯ ಬಳಿಗೋ ಹೋಗಿರುತ್ತದೆ. ಕೆನಡಾ ದೇಶ 2004ರಲ್ಲಿ ಇದರ ಮಾರಾಟ, ಆಮದು, ಜಾಹೀರಾತು ಮೂರನ್ನೂ ನಿಷೇಧಿಸಿತು. ನಮ್ಮಲ್ಲಿ ಸಂಗೀತ ಹಾಡುವ, ದೀಪ ಮಿನುಗುವ ವಾಕರ್‌ಗಳು ಅಂಗಡಿ ಮುಂದೆ ಇನ್ನೂ ಸಾಲಾಗಿ ನಿಂತಿವೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಚನ್ನಪಟ್ಟಣದ ಗೊಂಬೆ ಅಂಗಡಿಗಳಲ್ಲೂ ಊರ ಜಾತ್ರೆಗಳಲ್ಲೂ ಸಿಗುವ ಮೂರು ಚಕ್ರದ ಮರದ ತಳ್ಳುಗಾಡಿಯ ಮಾತು ಬೇರೆ. ಅದನ್ನು ಹಿಡಿಯಬೇಕಾದರೆ ಮಗು ತಾನೇ ಎದ್ದು ನಿಲ್ಲಬೇಕು. ಭಾರ ತನ್ನ ಅಂಗಾಲಿನ ಮೇಲೇ ಇರುತ್ತದೆ. ಗಾಡಿ ಮುಂದೆ ಓಡಿದರೆ ತಾನು ಕೂತುಬಿಡುತ್ತದೆ, ಮತ್ತೆ ಏಳುತ್ತದೆ. ಗಾಡಿಯೂ ಇಲ್ಲದ ಮನೆಯಲ್ಲಿ ಬೋರಲು ಹಾಕಿದ ಪ್ಲಾಸ್ಟಿಕ್ ಬುಟ್ಟಿಯೋ ಭಾರದ ರಟ್ಟಿನ ಪೆಟ್ಟಿಗೆಯೋ ಸಾಕು.

ಬಿದ್ದೇಳುವುದೇ ಇಲ್ಲಿ ಮುಖ್ಯ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕರೆನ್ ಅಡಾಲ್ಫ್ ಮತ್ತು ಅವರ ಸಂಗಡಿಗರು ಒಂದರಿಂದ ಒಂದೂವರೆ ವರ್ಷದ ಆಸುಪಾಸಿನ ಮಕ್ಕಳನ್ನು ಆಟವಾಡಲು ಬಿಟ್ಟು, ಹೆಜ್ಜೆ ಎಣಿಸಿ 2012ರಲ್ಲಿ ವರದಿ ಮಾಡಿದರು. ಒಂದು ಗಂಟೆಯಲ್ಲಿ ಸರಾಸರಿ 2,368 ಹೆಜ್ಜೆ, 17 ಬಾರಿ ಬೀಳುವಿಕೆ. ಆ ಹೆಜ್ಜೆಗಳೂ ನೇರ ಗೆರೆಯಲ್ಲಿರಲಿಲ್ಲ. ನಿಲ್ಲುತ್ತಾ, ತಿರುಗುತ್ತಾ, ಪಕ್ಕಕ್ಕೆ ಸರಿಯುತ್ತಾ, ಅಲ್ಲೊಂದು ಚೆಂಡು ಇಲ್ಲೊಂದು ಗೊಂಬೆ ಎಂದು ಸುತ್ತುತ್ತಾ ಇಟ್ಟವು. ದೊಡ್ಡವರಾರೂ ಪಾಠ ಹೇಳಿಕೊಟ್ಟು ಮಗುವಿಗೆ ಗಂಟೆಗೆ ಎರಡು ಸಾವಿರ ಸಲ ಅಭ್ಯಾಸ ಮಾಡಿಸಲಾರರು. ಆಟಕ್ಕೆ ಮಾತ್ರ ಅದು ಸಾಧ್ಯ. ಹಾಗಾಗಿ ಮನೆಯವರ ಕೆಲಸ ಮಗುವಿಗೆ ನಡೆಯಲು ಕಲಿಸುವುದಕ್ಕಿಂತ, ಇಷ್ಟು ಸಲ ಪ್ರಯತ್ನಿಸಲು ನೆಲ ಮತ್ತು ಹೊತ್ತು ಒದಗಿಸುವುದು. ಈ ಅಂಕಣದಲ್ಲಿ ನಾನು ಹೇಳಬೇಕೆಂದಿರುವುದೂ ಇಷ್ಟೇ. ಉಳಿದದ್ದೆಲ್ಲ ಅದನ್ನು ಮಾಡುವ ಬಗೆ.

ಶುರು ಮಾಡುವುದಕ್ಕೆ ಮಗು ನಡೆಯುವವರೆಗೆ ಕಾಯಬೇಕಿಲ್ಲ. ಬಾಣಂತನದ ಮನೆಯಲ್ಲಿ ಕೂಸಿಗೆ ಎರೆಯುವ ಅಜ್ಜಿಯನ್ನು ನೆನೆದುಕೊಳ್ಳಿ. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಎರಡೂ ಕಾಲು ನೀಳವಾಗಿ ಚಾಚಿ, ಮೊಣಕಾಲ ಕೆಳಗೆ ಕೂಸನ್ನು ಮೊದಲು ಅಂಗಾತ, ಆಮೇಲೆ ಬೋರಲು ಮಲಗಿಸುತ್ತಾಳೆ. ಬೋರಲು ಹಾಕಿದಾಗ ಕೂಸಿನ ಎದೆ ಅವಳ ಕಾಲಿನ ಮೇಲೆ, ಮುಖ ಪಾದದ ಕಡೆಗೆ. ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದ ಹಾಗೆ ಕೂಸು ಕತ್ತೆತ್ತಲು ನೋಡುತ್ತದೆ, ತಲೆ ಎರಡು ಸಲ ಓಲಾಡಿ ಕೆಳಗೆ ಬೀಳುತ್ತದೆ, ಮತ್ತೆ ಎತ್ತುತ್ತದೆ. ಕತ್ತಿನ ಹಿಂಭಾಗ, ಭುಜ, ಬೆನ್ನು ಮೂರಕ್ಕೂ ಆ ಕೆಲವು ನಿಮಿಷಗಳಲ್ಲಿ ಕಸರತ್ತು ಆಗುತ್ತದೆ. ಈಗ ವೈದ್ಯರು ಹೇಳುವ 'ಟಮ್ಮಿ ಟೈಮ್' ನಮ್ಮ ಬಚ್ಚಲಲ್ಲಿ ಮೊದಲಿಂದಲೂ ಇತ್ತು. ಮೂಗು ತಿದ್ದುವುದು, ಕಿವಿಗೆ ಊದುವುದು, ಕೈಕಾಲು ಜಗ್ಗಿ ಹೆಣೆಯುವುದು ಮಾತ್ರ ಬೇಡ. ಅವುಗಳಿಂದ ಒಳಿತಿಲ್ಲ, ಕೇಡಾಗಬಹುದು.

ನಡೆಯಲಾರದ ಹಸುಗೂಸು ದಿನಕ್ಕೆ ಒಟ್ಟು ಅರ್ಧ ಗಂಟೆಯಾದರೂ ಎಚ್ಚರವಿದ್ದಾಗ ಬೋರಲಾಗಿ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ. ಒಂದೇ ಸಲ ಅರ್ಧ ಗಂಟೆ ಅಂತ ಯಾರೂ ಹೇಳುತ್ತಿಲ್ಲ. ಲಂಗೋಟಿ ಬದಲಿಸಿದ ಮೇಲೆ ಎರಡು ನಿಮಿಷ, ಸ್ನಾನಕ್ಕೆ ಮುಂಚೆ ಮೂರು ನಿಮಿಷ. ಹೊಟ್ಟೆ ತುಂಬಿದ ಕೂಡಲೇ ಬೇಡ. ಕೆಲವು ಕೂಸುಗಳು ಬೋರಲು ಹಾಕಿದೊಡನೆ ಅಳುತ್ತವೆ. ಅಂಥವಕ್ಕೆ ಟವೆಲ್ ಸುರುಳಿ ಮಾಡಿ ಎದೆಯ ಕೆಳಗೆ ಇಟ್ಟು ಎರಡೂ ಕೈ ಮುಂದಕ್ಕೆ ತನ್ನಿ. ನೀವೂ ಚಾಪೆಯ ಮೇಲೆ ಎದುರಿಗೆ ಮಲಗಿ. ಅಮ್ಮನ ಮುಖಕ್ಕಿಂತ ಒಳ್ಳೆಯ ಆಟದ ಸಾಮಾನು ಆ ವಯಸ್ಸಿಗೆ ಇಲ್ಲ, ಅದಾದ ಮೇಲೆ ಫಳಫಳ ಹೊಳೆಯುವ ಸ್ಟೀಲ್ ತಟ್ಟೆ. ನಿದ್ದೆಗೆ ಮಾತ್ರ ಅಂಗಾತವೇ ಮಲಗಿಸಿ.

ದೇಹದ ಭಾರವೂ ಬಲವೂ ಮಗುವಿನ ಚಲನೆಯನ್ನು ಎಷ್ಟು ನಿರ್ಧರಿಸುತ್ತವೆ ಎಂಬುದಕ್ಕೆ ಒಂದು ಸೊಗಸಾದ ಪ್ರಯೋಗವಿದೆ. ಹುಟ್ಟಿದ ಕೂಸನ್ನು ಕಂಕುಳಲ್ಲಿ ಹಿಡಿದು ನಿಲ್ಲಿಸಿದರೆ ಹೆಜ್ಜೆ ಹಾಕುವಂತೆ ಕಾಲಾಡಿಸುತ್ತದೆ. ಎರಡು ತಿಂಗಳ ಹೊತ್ತಿಗೆ ಅದು ನಿಂತುಹೋಗುತ್ತದೆ. ಮೆದುಳು ಬಲಿತಂತೆ ಆ ಚಲನೆ ಅಳಿಸಿಹೋಗುತ್ತದೆ ಎಂದೇ ಬಹುಕಾಲ ನಂಬಿದ್ದರು. ಅಮೆರಿಕದ ವಿಜ್ಞಾನಿ ಎಸ್ತರ್ ಥೆಲೆನ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೂಸುಗಳ ಕಾಲನ್ನು ನೀರಿನಲ್ಲಿ ಇಳಿಬಿಟ್ಟು ನೋಡಿದರು. ಕಾಲು ಹಗುರಾದೊಡನೆ ಹೆಜ್ಜೆಯಾಟ ಹೆಚ್ಚಾಯಿತು. ಕಾಲಿಗೆ ಪುಟ್ಟ ತೂಕ ಕಟ್ಟಿದರೆ ಕಡಿಮೆಯಾಯಿತು. ಮೊದಲ ತಿಂಗಳುಗಳಲ್ಲಿ ತೊಡೆ ಗುಂಡಗಾಗುವ ವೇಗಕ್ಕೆ ಸ್ನಾಯುವಿನ ಬಲ ಸರಿಸಾಟಿಯಾಗದೆ ಕೂಸು ಕಾಲು ಎತ್ತಲಾರದೆ ಹೋಗಿತ್ತು, ಅಷ್ಟೆ. ಮಗು ಏನನ್ನೋ ಮಾಡುತ್ತಿಲ್ಲವೆಂದರೆ ಅದಕ್ಕೆ ತಿಳಿಯದು ಎಂದೇನಲ್ಲ, ಸನ್ನಿವೇಶ ಕಷ್ಟವಾಗಿರಬಹುದು. ಸನ್ನಿವೇಶವನ್ನು ತುಸು ಹಗುರ ಮಾಡಿ ಕೊಟ್ಟರೆ ಮಾಡಿ ತೋರಿಸುತ್ತದೆ. ಆಟ ಕಟ್ಟುವಾಗೆಲ್ಲ ಇದು ಉಪಯೋಗಕ್ಕೆ ಬರುತ್ತದೆ.

ಚೆಂಡು ಹಿಡಿಯುವುದನ್ನೇ ತೆಗೆದುಕೊಳ್ಳಿ. ಮೂರು ವರ್ಷದವನಿಗೆ ಟೆನಿಸ್ ಚೆಂಡು ಎಸೆದು, ಹಿಡಿಯಲಿಲ್ಲವೆಂದು ನಗುವ ಅಪ್ಪಂದಿರಿದ್ದಾರೆ. ಆ ಚೆಂಡು ಬರುವ ವೇಗಕ್ಕೆ ಆ ಕಣ್ಣು, ಆ ಕೈ ಒಗ್ಗಲು ಇನ್ನೂ ವರ್ಷಗಳು ಬೇಕು. ತೆಳ್ಳನೆಯ ದುಪಟ್ಟಾವನ್ನು ಮುದುಡಿ ಮೇಲಕ್ಕೆ ತೂರಿದರೆ ಅದು ಬಿಚ್ಚಿಕೊಂಡು ತೇಲುತ್ತಾ ಇಳಿಯುತ್ತದೆ. ಮಗುವಿಗೆ ನೋಡಲು, ಕೈ ಚಾಚಲು, ಹೆಜ್ಜೆ ಬದಲಿಸಲು ಬೇಕಾದಷ್ಟು ಸಮಯ ಸಿಗುತ್ತದೆ. ಅದಾದ ಮೇಲೆ ಕಾಲುಚೀಲಗಳನ್ನು ಒಂದರೊಳಗೊಂದು ಸುತ್ತಿದ ಮೆತ್ತನೆಯ ಚೆಂಡು, ಅದಾದ ಮೇಲೆ ದೊಡ್ಡ ಪ್ಲಾಸ್ಟಿಕ್ ಚೆಂಡು. ನಾಲ್ಕರ ಆಸುಪಾಸಿನಲ್ಲಿ ಎದೆಗವಚಿ ಹಿಡಿಯುತ್ತದೆ, ಬರಿ ಅಂಗೈಯಲ್ಲಿ ಹಿಡಿಯುವುದು ಆಮೇಲೆ. ಬಲೂನೂ ನಿಧಾನವಾಗಿಯೇ ಬರುತ್ತದೆ, ಆದರೆ ಒಡೆದ ಬಲೂನಿನ ಚೂರು ಗಂಟಲಿಗೆ ಅಂಟಿದರೆ ಪ್ರಾಣಕ್ಕೇ ಕುತ್ತು. ಹಾಗಾಗಿ ದುಪಟ್ಟಾವೇ ವಾಸಿ.

ಇದೇ ಲೆಕ್ಕ ಕೈ ಹಿಡಿದು ನಡೆಸುವುದಕ್ಕೂ. ದಟ್ಟಡಿ ಇಡುವ ಮಗುವಿನ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ನಡೆಸುತ್ತೇವೆ. ಆಗ ಮಗು ನಮ್ಮ ಕೈಗೆ ಜೋತುಬೀಳುತ್ತದೆ, ತೂಕ ಮುಂದಕ್ಕೆ ವಾಲುತ್ತದೆ. ಹಿಡಿಯಲೇಬೇಕಾದರೆ ಸೊಂಟದ ಬಳಿ ಮೆಲ್ಲಗೆ ಹಿಡಿಯಿರಿ, ಕೈಗಳು ಅದರ ಪಾಡಿಗೆ ಅದಕ್ಕಿರಲಿ. ಮನೆಯೊಳಗೆ ಬರಿಗಾಲೇ ಚೆನ್ನ. ಟೈಲ್ಸ್ ನೆಲದ ಮೇಲೆ ಕಾಲುಚೀಲ ಜಾರುತ್ತದೆ, ಬೆರಳುಗಳು ನೆಲವನ್ನು ಕಚ್ಚಿ ಹಿಡಿಯಲು ಆಗುವುದಿಲ್ಲ.

"ನಮ್ಮದು ಸಿಂಗಲ್ ಬೆಡ್‌ರೂಮ್ ಬಾಡಿಗೆ ಮನೆ, ಆಡಲು ಜಾಗ ಎಲ್ಲಿ?" ಅನ್ನುವವರ ಕಷ್ಟ ನಿಜವಾದದ್ದು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಸೋಫಾ, ಟೀಪಾಯಿ, ಟಿವಿ ಸ್ಟ್ಯಾಂಡ್ ಇಟ್ಟ ಮೇಲೆ ಉಳಿಯುವುದು ಓಡಾಡುವಷ್ಟು ದಾರಿ ಮಾತ್ರ. ನನ್ನ ಅಭಿಪ್ರಾಯದಲ್ಲಿ ಮಗುವಿಗೆ ಐದು ವರ್ಷ ತುಂಬುವವರೆಗೆ ಆ ಟೀಪಾಯಿಯನ್ನು ಅಟ್ಟಕ್ಕೆ ಏರಿಸಬೇಕು. ಒಂದು ಜಮಖಾನ ಹಾಸುವಷ್ಟು ನೆಲ ಖಾಲಿಯಾದರೆ ಸಾಕು. ಅಷ್ಟು ಜಾಗದಲ್ಲಿ ದಿಂಬುಗಳನ್ನು ಗುಡ್ಡ ಮಾಡಿ ಹತ್ತಿಸಬಹುದು. ಹಳೇ ಸೀರೆಯನ್ನು ಹೊಳೆಯಂತೆ ಉದ್ದಕ್ಕೆ ಹಾಸಿ, ಮೊಸಳೆ ಬರುತ್ತೆ ಅಂತ ಜಿಗಿಸಬಹುದು. ಮೊದಲು ಮಡಚಿದ ಸೀರೆಯ ಕಿರುಹೊಳೆ, ವಾರ ಕಳೆದಂತೆ ಅಗಲದ ಹೊಳೆ. ಮಂಚದ ಕೆಳಗೆ ತೂರಿ ಆಚೆ ಬದಿಯಿಂದ ಚಮಚ ತರಿಸಬಹುದು. ತಲೆ ತಗ್ಗಿಸಬೇಕು, ಬೆನ್ನು ಬಾಗಿಸಬೇಕು, ಮಂಡಿ ಎಲ್ಲಿದೆ ಕೈ ಎಲ್ಲಿದೆ ಎಂದು ಕಾಣದೆಯೇ ಅರಿಯಬೇಕು. ದೇಹದ ಭಾಗಗಳು ಎಲ್ಲಿವೆ ಎಂಬ ಈ ಒಳಅರಿವು ಸ್ನಾಯು ಮತ್ತು ಕೀಲುಗಳಿಂದ ಬರುತ್ತದೆ. ಸಮತೋಲನದ ಅರಿವು ಒಳಕಿವಿಯ ಮೂರು ಅರ್ಧವರ್ತುಲ ನಾಳಗಳಿಂದ. ತಲೆ ತಿರುಗಿದಾಗ ಅವುಗಳೊಳಗಿನ ದ್ರವ ಅಲುಗಿ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ಉಯ್ಯಾಲೆ, ಅಪ್ಪನ ಬೆನ್ನ ಮೇಲಿನ ಆನೆ ಸವಾರಿ, ಹಾಸಿಗೆಯ ಮೇಲೆ ಉರುಳುವುದು, ಕೈ ಹಿಡಿದು ಗಿರಗಿರ ತಿರುಗುವ ಆಟ ಮಕ್ಕಳಿಗೆ ಅಷ್ಟು ಪ್ರಿಯವಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ಮೂರು ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಮೂರು ಗಂಟೆ ಓಡಾಟ, ಅದರಲ್ಲಿ ಒಂದು ಗಂಟೆ ಏದುಸಿರು ಬರುವಂಥದ್ದು ಬೇಕು ಎನ್ನುತ್ತದೆ ಅದೇ 2019ರ ಮಾರ್ಗಸೂಚಿ. ಪರದೆ ನೋಡುವುದು ಹೆಚ್ಚೆಂದರೆ ಒಂದು ಗಂಟೆ, ಎರಡು ವರ್ಷದೊಳಗೆ ಅದೂ ಬೇಡ. ಮೊಬೈಲ್ ಬಗ್ಗೆ ಹೇಳಿದ್ದನ್ನೇ ಹೇಳಲು ನನಗಿಷ್ಟವಿಲ್ಲ. ಮೊಬೈಲ್ ಹಿಡಿದು ಕೂತಷ್ಟು ಹೊತ್ತು ಆ ಎರಡು ಸಾವಿರ ಹೆಜ್ಜೆ ಬೀಳುವುದಿಲ್ಲ ಎಂಬ ಒಂದು ಲೆಕ್ಕ ಸಾಕು.

ಈಗ ಕೈಬೆರಳಿಗೆ ಬರೋಣ. ದೇಹದ ಹತೋಟಿ ತಲೆಯಿಂದ ಕಾಲಿಗೆ, ನಡುವಿನಿಂದ ತುದಿಗೆ ಹರಿಯುತ್ತದೆ. ಮೊದಲು ಕತ್ತು, ಆಮೇಲೆ ಬೆನ್ನು, ಸೊಂಟ, ಕಾಲು. ಹಾಗೆಯೇ ಮೊದಲು ಭುಜ, ಆಮೇಲೆ ಮೊಣಕೈ, ಮಣಿಕಟ್ಟು, ಕೊನೆಗೆ ಬೆರಳು. ಒಂಬತ್ತು ಹತ್ತು ತಿಂಗಳಿಗೆ ಮಗು ಹೆಬ್ಬೆರಳು ತೋರುಬೆರಳು ಸೇರಿಸಿ ನೆಲದ ಮೇಲಿನ ಮಂಡಕ್ಕಿಯ ಚೂರನ್ನು ಹೆಕ್ಕುತ್ತದೆ. ಆ ಹೆಕ್ಕುವಿಕೆಯಿಂದ ಅಕ್ಷರ ಬರೆಯುವವರೆಗಿನ ದಾರಿ ಬಹಳ ಉದ್ದ. ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳು ಹುಟ್ಟುವಾಗ ಬರೀ ಮೃದ್ವಸ್ಥಿ, ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ವರ್ಷಗಳುದ್ದಕ್ಕೂ ಒಂದೊಂದಾಗಿ ಮೂಳೆಗಟ್ಟುತ್ತಾ ಹೋಗುತ್ತವೆ, ಕೊನೆಯದು ಕಾಣಿಸಿಕೊಳ್ಳುವಾಗ ಮಗುವಿಗೆ ಒಂಬತ್ತು ದಾಟಿರುತ್ತದೆ. ಮಕ್ಕಳ ಬೆಳವಣಿಗೆಯ ವಯಸ್ಸು ತಿಳಿಯಲು ವೈದ್ಯರು ಮಣಿಕಟ್ಟಿನ ಎಕ್ಸ್‌ರೇ ನೋಡುವುದು ಇದೇ ಕಾರಣಕ್ಕೆ. ಮೂರು ವರ್ಷದ ಮಗು ಸಾಮಾನ್ಯವಾಗಿ ಸುತ್ತು ಬರೆಯಬಲ್ಲದು, ಕೂಡಿಸು ಗುರುತು ನಾಲ್ಕಕ್ಕೆ, ತ್ರಿಕೋನ ಐದಕ್ಕೆ. ಹೀಗಿರುವಾಗ ಎಲ್‌ಕೆಜಿಗೆ ಮುಂಚೆಯೇ ನಾಲ್ಕು ಗೆರೆಯ ಪುಸ್ತಕದೊಳಗೆ ಅಕ್ಷರ ಕೂರಿಸು ಎನ್ನುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಂತೆ. ಬರೆಯಲೊಲ್ಲದೆ ಅಳುವ ಮಗುವನ್ನು ಸೋಮಾರಿ ಎನ್ನುವುದು ಅನ್ಯಾಯ. ನಮ್ಮ ಸರ್ಕಾರಿ ಶಾಲೆಗಳ ನಲಿಕಲಿಯಲ್ಲಿ ಅಕ್ಷರಗಳನ್ನು ರ, ಗ, ಸ, ದ, ಅ ಎಂಬ ಕ್ರಮದಲ್ಲಿ ಕಲಿಸುತ್ತಾರೆ. ಪುಟ್ಟ ಕೈಗೆ ಯಾವುದು ಮೊದಲು ಸುಲಭವೋ ಅಲ್ಲಿಂದ ಹೊರಡುವ ವಿವೇಕ ಅದು.

ಪೆನ್ಸಿಲ್ಲಿಗೆ ಬೇಕಾದ ಬೆರಳು ಅಡುಗೆಮನೆಯಲ್ಲಿ ತಯಾರಾಗುತ್ತದೆ. ಚಪಾತಿ ಹಿಟ್ಟಿನ ಒಂದು ಉಂಡೆ ಕೊಡಿ: ಒತ್ತಲಿ, ಎಳೆಯಲಿ, ಹಾವು ಹೊಸೆಯಲಿ. ಬೀನ್ಸ್ ಮುರಿಯಲಿ, ಬಟಾಣಿ ಬಿಡಿಸಲಿ. ಚಿಕ್ಕ ಲೋಟದಿಂದ ದೊಡ್ಡ ಪಾತ್ರೆಗೆ ನೀರು ಹುಯ್ಯಲಿ, ಚೆಲ್ಲಿದರೆ ಒರೆಸುವ ಬಟ್ಟೆ ಹಿಂಡುವುದೂ ಒಂದು ಕಸರತ್ತೇ. ಮಾಗಿಯಲ್ಲಿ ಅವರೆಕಾಯಿ ಬಂದಾಗಲಂತೂ ಮಕ್ಕಳನ್ನು ದೂರ ಕೂರಿಸಲೇಬೇಡಿ. ನೆನೆದ ಅವರೆಕಾಳನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳಿನ ನಡುವೆ ಹಿಡಿದು ಹಿದುಕಬೇಕು. ಜೋರಾಗಿ ಒತ್ತಿದರೆ ಬೇಳೆ ಹಾರಿ ಗೋಡೆಗೆ ಬಡಿಯುತ್ತದೆ, ಮೆಲ್ಲಗೆ ಒತ್ತಿದರೆ ಸಿಪ್ಪೆ ಬಿಡುವುದೇ ಇಲ್ಲ. ನಾಲ್ಕು ವರ್ಷದ ಹುಡುಗಿ ಹತ್ತು ಕಾಳು ಹಾರಿಸಿ, ಹನ್ನೊಂದನೆಯದಕ್ಕೆ ಬಲ ಎಷ್ಟು ಸಾಕೆಂದು ಬೆರಳಿನಲ್ಲೇ ಕಂಡುಕೊಳ್ಳುತ್ತಾಳೆ. ಆಮೇಲೆ ಪೆನ್ಸಿಲ್ ಹಿಡಿಯುವುದೂ ಅದೇ ಮೂರು ಬೆರಳಿನಲ್ಲಿ. ಮೂರು ವರ್ಷದೊಳಗಿನ ಮಗುವಾದರೆ ಕಾಳು ಬಾಯಿಗೆ, ಮೂಗಿಗೆ ಹೋಗುವ ಭಯವಿದೆ. ಅವರಿಗೆ ಹಿಟ್ಟೇ ಸರಿ. ನೀರು ತುಂಬಿದ ಬಕೆಟ್ ಬಳಿ ಯಾವ ಪುಟ್ಟ ಮಗುವನ್ನೂ ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ.

ತುಸು ದೊಡ್ಡವರಾದಾಗ ಅಳಗುಳಿಮಣೆ ಇಳಿಸಿ. ಎರಡು ಸಾಲು, ಸಾಲಿಗೆ ಏಳು ಗುಳಿ. ಒಂದು ಗುಳಿಯ ಕಾಳನ್ನೆಲ್ಲ ಬಾಚಿ, ಕಿರುಬೆರಳು ಉಂಗುರಬೆರಳಿನಲ್ಲಿ ಅಂಗೈಯೊಳಗೆ ಅದುಮಿಟ್ಟುಕೊಂಡು, ಹೆಬ್ಬೆರಳಿನಿಂದ ಒಂದೊಂದನ್ನೇ ಮುಂದೆ ತಂದು ಗುಳಿಗೆ ಹಾಕಬೇಕು. ಒಂದೇ ಕೈಯ ಅರ್ಧ ಹಿಡಿದಿಟ್ಟುಕೊಳ್ಳುತ್ತದೆ, ಇನ್ನರ್ಧ ಬಿಡುತ್ತದೆ. ಇಷ್ಟು ಸೂಕ್ಷ್ಮವಾದ ಅಭ್ಯಾಸವನ್ನು ದುಬಾರಿ ಆಟಿಕೆಗಳಲ್ಲಿ ನಾನು ಕಂಡಿಲ್ಲ. ಹುಣಸೆ ಬೀಜ ಬಳಸಿ, ಗುಲಗಂಜಿ ಬೇಡ. ನೋಡಲು ಚೆಂದವಿದ್ದರೂ ಅಗಿದು ನುಂಗಿದರೆ ವಿಷ.

ಕುಂಟೆಬಿಲ್ಲೆಯನ್ನೂ ವಯಸ್ಸಿಗೆ ತಕ್ಕಂತೆ ಬಿಡಿಸಿಕೊಳ್ಳಬಹುದು. ಮೂರು ವರ್ಷಕ್ಕೆ ಟೆರೇಸಿನ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ದೊಡ್ಡ ಚೌಕ ಬರೆದು ಎರಡೂ ಕಾಲಲ್ಲಿ ಕುಪ್ಪಳಿಸಲಿ. ಬಿಲ್ಲೆಯೂ ಬೇಡ, ಸೋಲು ಗೆಲುವೂ ಬೇಡ. ನಾಲ್ಕಕ್ಕೆ ಒಂಟಿಕಾಲಲ್ಲಿ ಒಂದೆರಡು ಕುಂಟು ಬರುತ್ತದೆ, ಆಗ ಒಂದು ಚೌಕ ಬಿಟ್ಟು ಒಂದು ಚೌಕ ಕುಂಟಲಿ. ಗೆರೆ ಮುಟ್ಟದೆ ಕುಂಟಿ, ಒಂಟಿಕಾಲಲ್ಲೇ ಬಾಗಿ ಬಿಲ್ಲೆ ಎತ್ತುವುದು ಐದು ಆರು ವರ್ಷದ ಮಾತು. ಹುಡುಗಿಯರ ಆಟವೆಂದು ಹುಡುಗರನ್ನು ಇದರಿಂದ ಹೊರಗಿಡುವ ಮನೆಗಳು ಆ ಹುಡುಗರಿಗೇ ನಷ್ಟ ಮಾಡುತ್ತಿವೆ.

ಮನೆಯಲ್ಲಿ ಇಬ್ಬರೂ ದುಡಿಯಲು ಹೋಗುವವರಾದರೆ ಅಂಗನವಾಡಿಯನ್ನು ಮರೆಯಬೇಡಿ. ಕರ್ನಾಟಕದಲ್ಲಿ ಈ ಯೋಜನೆ 1975ರ ಅಕ್ಟೋಬರ್ 2ರಂದು ತಿ. ನರಸೀಪುರದಲ್ಲಿ ಶುರುವಾಯಿತು. ಊಟ, ತೂಕ, ಚುಚ್ಚುಮದ್ದಿನಷ್ಟೇ ಅಲ್ಲಿನ ಓರಗೆಯ ಮಕ್ಕಳೊಂದಿಗಿನ ಆಟವೂ ಮುಖ್ಯ. ಇನ್ನೊಂದು ಮಗು ಕುಪ್ಪಳಿಸುವುದನ್ನು ಕಂಡು ಕುಪ್ಪಳಿಸುವ ಹುರುಪನ್ನು ಮನೆಯಲ್ಲಿ ನಾವು ಹುಟ್ಟಿಸಲಾರೆವು.

ಕೊನೆಗೆ, ಕಾಯಬಾರದ ಸಂದರ್ಭಗಳು. ನಾಲ್ಕು ತಿಂಗಳು ದಾಟಿದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ದಾಟಿದರೂ ಆಸರೆಯಿಲ್ಲದೆ ಕೂರದಿದ್ದರೆ, ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಒಂದು ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸಿ ಇನ್ನೊಂದನ್ನು ಮುಷ್ಟಿ ಕಟ್ಟಿ ಇಟ್ಟುಕೊಂಡಿದ್ದರೆ, ಕೈಕಾಲು ಬಿಗಿಯಾಗಿದ್ದರೆ ಅಥವಾ ತೀರಾ ಜೋಲಾಗಿದ್ದರೆ, ಸದಾ ತುದಿಗಾಲಲ್ಲೇ ನಡೆದರೆ ಕೂಡ. ಬಂದಿದ್ದ ವಿದ್ಯೆ ಮರೆತುಹೋದರೆ, ಅಂದರೆ ಕೂರುತ್ತಿದ್ದ ಮಗು ಕೂರದಾದರೆ, ಅದೇ ವಾರ ಹೋಗಿ. ತಿಂಗಳು ತುಂಬದೆ ಹುಟ್ಟಿದ ಕೂಸಾದರೆ ಹೆರಿಗೆಗೆ ಕೊಟ್ಟಿದ್ದ ತಾರೀಖಿನಿಂದ ವಯಸ್ಸು ಲೆಕ್ಕ ಹಾಕಬೇಕು. "ಅವರಪ್ಪನೂ ಎರಡು ವರ್ಷಕ್ಕೇ ನಡೆದಿದ್ದು" ಎನ್ನುವ ಸಮಾಧಾನದಲ್ಲಿ ಬೆಲೆಬಾಳುವ ತಿಂಗಳುಗಳು ಕಳೆದುಹೋಗುತ್ತವೆ. ಆಶಾ ಕಾರ್ಯಕರ್ತೆಯರ ಹತ್ತಿರ ಕೇಳಿ, ತಾಯಿ ಕಾರ್ಡ್ ತೆರೆದು ನೋಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಯ ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡುತ್ತಾರೆ. ಹೆಚ್ಚಿನ ಆರೈಕೆ ಬೇಕಾದವರನ್ನು ಜಿಲ್ಲಾ ಮಟ್ಟದ ಆರಂಭಿಕ ಆರೈಕೆ ಕೇಂದ್ರಕ್ಕೆ (ಡಿಇಐಸಿ) ಕಳಿಸುತ್ತಾರೆ.

ಅಲ್ಲಿನ ಫಿಸಿಯೋಥೆರಪಿಸ್ಟ್ ಹೇಳಿಕೊಡುವುದೂ ಹೆಚ್ಚಿನಂಶ ಇವೇ ಆಟಗಳನ್ನು, ಆ ಮಗುವಿನ ದೇಹಕ್ಕೆ ಒಗ್ಗುವಂತೆ ತಿದ್ದಿ: ಎದೆಯ ಕೆಳಗೆ ಸುರುಳಿ ಸುತ್ತಿದ ಬೆಡ್‌ಶೀಟ್, ಸೋಫಾದ ಅಂಚಿನಲ್ಲಿ ಇಟ್ಟ ಗಿಲಕಿಗೆ ಕೈ ಚಾಚಿ ಎದ್ದು ನಿಲ್ಲುವುದು, ಬಿಗಿದ ಕೈಗೆ ಮೆತ್ತನೆಯ ಹಿಟ್ಟು. ವಾರಕ್ಕೊಮ್ಮೆ ಕೇಂದ್ರದಲ್ಲಿ ಮಾಡಿಸಿದ್ದು ಸಾಲದು, ಮನೆಯಲ್ಲಿ ದಿನಕ್ಕೆ ಹಲವು ಸಲ ಆಗಬೇಕು. ಹೇಗೆ ಹಿಡಿಯಬೇಕು, ಎಲ್ಲಿ ಆಸರೆ ಕೊಡಬೇಕು ಎಂಬುದನ್ನು ಅಲ್ಲೇ ಕೂತು ಒಮ್ಮೆ ನಿಮ್ಮ ಕೈಯಲ್ಲೇ ಮಾಡಿ ತೋರಿಸಿ ಬನ್ನಿ. ಹೋಗುವಾಗ ಅಮ್ಮನ ಜೊತೆ ಅಪ್ಪನೂ ಹೋಗಲಿ, ಹಗಲೆಲ್ಲ ಮಗುವನ್ನು ನೋಡಿಕೊಳ್ಳುವ ಅಜ್ಜಿಯೂ ಹೋಗಲಿ.